ಕಸದ ಸಾಹೇಬರ ಹೂಂ

ಕಳೆ ವಿಜ್ಞಾನಿ ಎಂದರೆ ಕಳೆಯನ್ನು ಕಂಡಲ್ಲಿ ಹಲ್ಲು ಕಡಿಯುವ ಮನುಷ್ಯನಿರಬೇಕು ಎಂದು ನಾನು ತಿಳಿದಿದ್ದೆ. ಅಂಥ ವಿಜ್ಞಾನಿಯೊಬ್ಬರು ನಮ್ಮ ಕೃಷಿ ವಿಸ್ತರಣಾ ಕೇಂದ್ರಕ್ಕೆ ವರ್ಗವಾಗಿ ಬಂದ ಹೊಸದರಲ್ಲೇ ಆ ತಿಳಿವಳಿಕೆ ಸುಳ್ಳಾಯಿತು. ಸರಸಂಬಾ ಕಡೆಯ ಒಂದು ಹೊಲದ ಬದುವಿನ ಮೇಲೆ ಊಟಕ್ಕೆ ಕೂತಿದ್ದೆವು. ನಾನು ಡಬ್ಬಿ ಬಿಚ್ಚುವಷ್ಟರಲ್ಲಿ ಅವರು ಎದ್ದು ಹೋಗಿ ತೊಗರಿ ಸಾಲಿನ ನಡುವಿನಿಂದ ಒಂದು ಹಿಡಿ ಹಕ್ಕರಕಿ ಸೊಪ್ಪು ಕಿತ್ತು ತಂದರು. ಬಾಟಲಿ ನೀರಿನಲ್ಲಿ ತೊಳೆದು, ರೊಟ್ಟಿಯ ಮೇಲೆ ಹರಡಿ, ಶೇಂಗಾ ಹಿಂಡಿ ಉದುರಿಸಿಕೊಂಡು ತಿನ್ನತೊಡಗಿದರು. ಅದೇ ಬೆಳಗ್ಗೆ ತರಬೇತಿಯಲ್ಲಿ ಅದೇ ಗಿಡವನ್ನು ಎತ್ತಿ ಹಿಡಿದು, ಬೆಳೆಗೆ ಹಾಕಿದ ಗೊಬ್ಬರವನ್ನೆಲ್ಲ ಇದು ತಿಂದುಬಿಡುತ್ತದೆ, ಉಳಿಸಬೇಡಿ ಎಂದು ರೈತರಿಗೆ ಹೇಳಿದವರು ಅವರೇ. ಪಕ್ಕದ ಸಾಲಿನಲ್ಲಿ ಕಸ ತೆಗೆಯುತ್ತಿದ್ದ ಹೆಂಗಸರು ಕುರ್ಪಿ ಕೆಳಗಿಟ್ಟು ನೋಡಿದರು.

"ಯವ್ವಾ, ಕಸದ ಸಾಹೇಬ್ರು ಕಸಾನೇ ಉಣ್ಣಾಕತ್ಯಾರ ನೋಡ್ರಿ" ಎಂದು ಒಬ್ಬಾಕೆ ನಕ್ಕಳು.

ಅವರು ತಲೆಯೆತ್ತಲಿಲ್ಲ. "ನೀವು ತೆಗದು ಮುಗಸೂದ್ರಾಗ ನಾ ಉಂಡು ಮುಗಸ್ತೇನ್ರಿ" ಎಂದರು.

ನಮ್ಮ ಭಾಗದಲ್ಲಿ ಕಳೆಗೆ ಕಸ ಎನ್ನುತ್ತಾರೆ. ಹೊಲಕ್ಕೆ ಹೊಡೆಯುವ ಔಷಧಿ ಯಾವುದೇ ಇರಲಿ, ಅದು ಎಣ್ಣೆ. ಹುಳಕ್ಕೂ ಎಣ್ಣೆ, ರೋಗಕ್ಕೂ ಎಣ್ಣೆ, ಕಸಕ್ಕೂ ಎಣ್ಣೆ. ಹೀಗಾಗಿ ಅವರು ಎಲ್ಲ ಹಳ್ಳಿಗಳಲ್ಲೂ ಕಸದ ಸಾಹೇಬರಾದರು. ವಿಶ್ವವಿದ್ಯಾಲಯದ ಗುರುತಿನ ಚೀಟಿಯಲ್ಲಿದ್ದ ಉದ್ದನೆಯ ಹುದ್ದೆಯ ಹೆಸರನ್ನು ನಾನು ಯಾರ ಬಾಯಲ್ಲೂ ಕೇಳಲಿಲ್ಲ.

ನಾನು ಅದೇ ವಿಸ್ತರಣಾ ಕೇಂದ್ರದಲ್ಲಿ ಗೃಹವಿಜ್ಞಾನ ವಿಷಯದವಳು. ಹುಟ್ಟೂರು ಆಳಂದ. ಹೆಂಗಸರಿಗೆ ಪೌಷ್ಟಿಕ ಆಹಾರ, ಬೇಳೆ ಮಾಡುವ ಯಂತ್ರ, ಉಪ್ಪಿನಕಾಯಿ ಇಂಥವು ನನ್ನ ಪಾಲು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿಗೆ ಸೇರಿ ನಮಗೆ ಒಂದೇ ಜೀಪು. ಅವರು ಹೋದ ದಿಕ್ಕಿಗೆ ನಾನೂ, ನಾನು ಹೋದ ದಿಕ್ಕಿಗೆ ಅವರೂ ಹೋಗಲೇಬೇಕು. ಆ ಜೀಪಿನಲ್ಲಿ ಅವರೊಂದಿಗೆ ಕಳೆದಷ್ಟು ಹೊತ್ತನ್ನು ನಾನು ನನ್ನ ತಮ್ಮಂದಿರ ಜೊತೆಗೂ ಕಳೆದಿಲ್ಲ. ಹಾಗೆಂದು ಅವರು ಮಾತುಗಾರರೇನಲ್ಲ. ಜೀಪು ಹತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದರು, ಗೊರಕೆಯೂ ಹೊಡೆಯುತ್ತಿದ್ದರು. ರಸ್ತೆ ಪಕ್ಕದಲ್ಲಿ ಹೊಸ ಗಿಡವೇನಾದರೂ ಬಂದರೆ ಹೇಗೋ ಏನೋ ಎಚ್ಚರಾಗಿ, "ಜರ ನಿಂದರಸಪಾ" ಎಂದು ಚಾಲಕನ ಭುಜ ತಟ್ಟುತ್ತಿದ್ದರು.

ಅವರದು ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಮನೆಯ ವಿಷಯ ಅವರು ಹೇಳಿದ್ದು ಕಡಿಮೆ. ಒಮ್ಮೆ ಮಾತ್ರ, ಈ ವಿಷಯವನ್ನೇ ಯಾಕೆ ಆರಿಸಿಕೊಂಡಿರಿ ಎಂದು ನಾನು ಕೇಳಿದಾಗ, "ನಮ್ಮವ್ವ ಮಂದಿ ಹೊಲ್ದಾಗ ಕಸ ತೆಗೀತಿದ್ಲು ಮೇಡಂ. ನಾ ಕಸದ ಮ್ಯಾಲೆ ಪಿಎಚ್‌ಡಿ ಮಾಡೀನಿ. ಮನ್ಯಾನ ಕೆಲಸ ಏನೂ ಬದಲಾಗಿಲ್ಲ" ಎಂದು ನಕ್ಕಿದ್ದರು.

ಎರೆ ಮಣ್ಣು ಹಸಿಯಿದ್ದಾಗ ಬೂಟಿಗೆ ಮೆತ್ತಿ ಹೆಜ್ಜೆಗೊಂದು ಸೇರು ಭಾರವಾಗುತ್ತದೆ. ಅದಕ್ಕೆ ಅವರು ಬೂಟು ಬಿಚ್ಚಿ ಬದುವಿನ ಮೇಲಿಟ್ಟು ಬರಿಗಾಲಲ್ಲಿ ಹೊಲಕ್ಕಿಳಿಯುತ್ತಿದ್ದರು. ಇಟ್ಟದ್ದನ್ನು ಮರೆಯುವುದೂ ಅಷ್ಟೇ ಖಚಿತ. ಒಮ್ಮೆ ಜೇವರ್ಗಿ ಕಡೆಯ ಹತ್ತಿ ಹೊಲವೊಂದರ ಬದುವಿನ ಮೇಲೆ ಬೂಟು ಬಿಟ್ಟು, ಬಸ್‌ ನಿಲ್ದಾಣದ ಎದುರು ಸ್ನಾನದ ಮನೆಯ ಚಪ್ಪಲಿ ಕೊಂಡು, ಅದನ್ನೇ ಮೆಟ್ಟಿ ಕುಲಪತಿಗಳ ಸಭೆಗೆ ಬಂದು ಕೂತಿದ್ದರು. ಕಾಲನ್ನು ಕುರ್ಚಿಯ ಕೆಳಗೆ ಎಷ್ಟು ಒಳಗೆ ಎಳೆದುಕೊಂಡರೂ ಆ ನೀಲಿ ಚಪ್ಪಲಿ ಇಡೀ ಸಭೆಗೆ ಕಾಣುತ್ತಿತ್ತು. ನನಗೆ ನಗು ತಡೆಯಲಾಗದೆ ಹೊರಗೆದ್ದು ಹೋಗಬೇಕಾಯಿತು.

ತರಬೇತಿಯಲ್ಲಿ ಅವರು ಪರದೆಯ ಮೇಲೆ ಚಿತ್ರ ತೋರಿಸುತ್ತಿರಲಿಲ್ಲ. ಗೋಣಿಚೀಲದಲ್ಲಿ ತಂದ ಕಸವನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೇ ಎತ್ತಿ, "ಇದಕ್ಕ ನಿಮ್ಮೂರಾಗ ಏನಂತಾರ್ರಿ?" ಎಂದು ಕೇಳುತ್ತಿದ್ದರು. ಅಫಜಲಪುರದವರು ಒಂದು ಹೆಸರು ಹೇಳಿದರೆ ಜೇವರ್ಗಿಯವರು ಇನ್ನೊಂದು ಹೇಳುವರು. ಜಗಳ ಹತ್ತುವುದು. ಇವರು ಕುರ್ಚಿಯಲ್ಲಿ ಹಿಂದೆ ಒರಗಿ ಶೇಂಗಾ ಸುಲಿದು ತಿನ್ನುತ್ತ ಆ ಜಗಳವನ್ನು ಸುಖವಾಗಿ ಕೇಳುವರು. ಅದು ಮುಗಿದ ಮೇಲೆ ಹೇಳುವ ಪಾಠ ಮಾತ್ರ ಯಾವಾಗಲೂ ಒಂದೇ: ಪಂಪು ತೊಳೆಯುವುದು. ಬೆನ್ನಿಗೆ ಕಟ್ಟಿಕೊಂಡು ಎಣ್ಣೆ ಹೊಡೆಯುವ ಪಂಪು ನಮ್ಮ ಹಳ್ಳಿಗಳಲ್ಲಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಒಬ್ಬರದನ್ನು ಊರೆಲ್ಲ ಇಸಿದುಕೊಂಡು ಹೋಗುತ್ತಾರೆ. ನೀರು ಹಾಕಿ ಕುಲುಕಿ ಚೆಲ್ಲಿಬಿಟ್ಟರೆ ತಂಬಿಗೆ ತೊಳೆದಷ್ಟೇ ಶುದ್ಧವಾಯಿತು ಎಂಬುದು ಎಲ್ಲರ ನಂಬಿಕೆ. ಕಸದ ಎಣ್ಣೆ ಹಾಗೆ ಹೋಗುವುದಿಲ್ಲ, ಅದರ ಪಸೆ ಪಂಪಿನ ಒಳಮೈಗೆ ಅಂಟಿರುತ್ತದೆ, ಬಟ್ಟೆ ಸೋಡಾ ಕಲಸಿದ ನೀರನ್ನು ತುಂಬಿಸಿಟ್ಟು ತೊಳೆಯಬೇಕು ಎಂದು ಅವರು ಊರೂರಿಗೆ ಹೇಳಿಕೊಂಡು ತಿರುಗಿದರು. ಅಂಗಿಯ ಜೇಬಿನಲ್ಲಿ ಸೋಡಾ ಪೊಟ್ಟಣ ಇಟ್ಟುಕೊಂಡು ಹೋಗಿ ಹಂಚಿದ್ದೂ ಉಂಟು. "ಮನ್ಯಾಗ ಹೆಂಡ್ತಿ ಸೀರಿನಾದ್ರೂ ಒಂದಿನ ತೊಳದೀರಿಲ್ರಿ ಸಾಹೇಬ್ರ?" ಎಂದು ಹೆಂಗಸರು ಕೆಣಕುತ್ತಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಹೊಲದಲ್ಲಿ ಹುಲಿಯಂತಿದ್ದ ಆ ಮನುಷ್ಯ ಕಚೇರಿಯಲ್ಲಿ ಪಕ್ಕಾ ಅಂಜುಬುರುಕ. ಮುಖ್ಯಸ್ಥರ ಕೋಣೆಗೆ ಹೋದರೆ ಕುರ್ಚಿಯ ತುದಿಯಲ್ಲಿ ಕೂರುವರು. ಅವರು ಹೇಳಿದ್ದಕ್ಕೆಲ್ಲ "ಆಯ್ತು ಸರ್" ಎನ್ನುವರು. ಒಮ್ಮೆ ನನ್ನ ಹೆಂಗಸರ ತರಬೇತಿಯನ್ನು ಮುಖ್ಯಸ್ಥರು ಏಕಾಏಕಿ ರದ್ದು ಮಾಡಿದರು. ಸಭೆಯಲ್ಲಿ ನಿಮ್ಮ ಪರವಾಗಿ ಮಾತಾಡುತ್ತೇನೆ ಎಂದು ಇವರು ಮಾತು ಕೊಟ್ಟಿದ್ದರು. ಸಭೆಯಲ್ಲಿ ಮೇಲೆ ತಿರುಗುವ ಫ್ಯಾನನ್ನು ನೋಡುತ್ತ ಕೂತುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತ್ತು. ಬಹಳ ದಿನ ಅವರೊಂದಿಗೆ ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದೇನೆ ಎಂಬುದು ಅವರ ಗಮನಕ್ಕೇ ಬರಲಿಲ್ಲ.

ಹಿರೋಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಮೌಲಾಲಿ ಎಂಬ ರೈತನಿದ್ದ. ಸ್ವಂತ ಹೊಲ ಇರಲಿಲ್ಲ. ಆ ಊರಿನ ಗುರಪ್ಪ ಗೌಡರ ಹೊಲವನ್ನು ಅವನ ತಂದೆಯ ಕಾಲದಿಂದಲೂ ಪಾಲಿಗೆ ಮಾಡುತ್ತಿದ್ದ. ಹೆಂಡತಿ ಹುಸೇನಬಿ ನನ್ನ ಬೇಳೆ ತರಬೇತಿಗೆ ಬಂದವಳು, ಚುರುಕಿನ ಹೆಂಗಸು. ಆ ವರ್ಷ ಮಳೆಗಾಲದ ಕೊನೆಗೆ ತೊಗರಿಗೆ ಎಲೆ ಸುತ್ತುವ ಹುಳ ಬಿದ್ದಿತ್ತು. ಮೌಲಾಲಿ ಆಳಂದದ ಅಂಗಡಿಯಿಂದ ಹುಳದ ಎಣ್ಣೆ ತಂದಿಟ್ಟುಕೊಂಡು, ಪಂಪಿಗಾಗಿ ಊರೆಲ್ಲ ಅಲೆಯುತ್ತಿದ್ದ. ಅದೇ ದಿನ ನಮ್ಮ ಜೀಪು ಆ ಊರಿಗೆ ಹೋಯಿತು. ಹಿಂದಿನ ದಿನ ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಕಬ್ಬಿಗೆ ಕಸದ ಎಣ್ಣೆ ಹೊಡೆದು ತೋರಿಸಿದ ನಮ್ಮ ಕೇಂದ್ರದ ಪಂಪು ಜೀಪಿನ ಹಿಂದೆಯೇ ಇತ್ತು. "ತೊಗೊ, ಹೊಡಿ. ಮುಂದಿನ ವಾರ ಬಂದಾಗ ಒಯ್ತೇವಿ" ಎಂದು ಸಾಹೇಬರು ತಾವೇ ಇಳಿಸಿ ಕೊಟ್ಟರು. ಮೌಲಾಲಿ ಎರಡೂ ಕೈ ಎತ್ತಿ ಸಲಾಂ ಮಾಡಿದ.

ವಾರ ತುಂಬುವ ಮೊದಲೇ ಅವನ ಫೋನು ಬಂತು. ನಾವು ಹೋಗಿ ನೋಡಿದಾಗ ತೊಗರಿಯ ಕುಡಿಗಳು ಹಿಂಡಿಟ್ಟ ಬಟ್ಟೆಯಂತೆ ತಿರುಚಿಕೊಂಡಿದ್ದವು. ಎಲೆಗಳು ಕೆಳಮುಖವಾಗಿ ಮಡಚಿದ್ದವು. ಹುಸೇನಬಿ ಬದುವಿನ ಮೇಲೆ ನಿಂತು ನನ್ನ ಕೈ ಹಿಡಿದುಕೊಂಡಳು.

"ಬಾಯಾರ, ಗೌಡ್ರು ಹೊಲ ಬಿಡು ಅಂದಾರ್ರಿ. ಉಗಾದಿಗಿ ಬ್ಯಾರೇದವ್ರಿಗಿ ಕೊಡ್ತಾರಂತ. ಇವರು ಏನೋ ಹೆಚ್ಚು ಕಮ್ಮಿ ಕಲಸಿ ಬೆಳಿ ಸುಟ್ಟಾರ ಅಂತ ಊರಾಗೆಲ್ಲ ಹೇಳಾಕತ್ಯಾರ. ಹೊಲ ಹೋದ್ರ ನಾವು ಎಲ್ಲಿ ಹೋಗೂದ್ರಿ?"

ಸಾಹೇಬರು ಬೂಟು ಬಿಚ್ಚಿ ಒಳಗಿಳಿದರು. ಸಾಲಿನಿಂದ ಸಾಲಿಗೆ ನಡೆದರು. ಆಮೇಲೆ ಮೌಲಾಲಿಯನ್ನು ಕೇಳಿದರು.

"ಮೊದಲನೇ ಪಂಪ ಯಾವ ಕಡಿಂದ ಹೊಡದಿ?"

"ಇದ ಬೇವಿನ ಗಿಡದ ಕಡಿಂದ್ರಿ."

"ಮುಗಿದದ್ದು?"

"ಹಳ್ಳದ ಕಡಿಗ್ರಿ."

ಅದು ಕಣ್ಣಿಗೇ ಕಾಣುತ್ತಿತ್ತು. ಬೇವಿನ ಮರದ ಕಡೆಯ ಸಾಲುಗಳು ಪೂರ್ತಿ ತಿರುಚಿದ್ದವು. ಒಂದೊಂದು ಪಂಪು ನೀರು ಹೋದಂತೆ ಕೆಡುಕು ಕಡಿಮೆಯಾಗುತ್ತ, ಹಳ್ಳದ ಕಡೆಗೆ ಹೋದರೆ ಗಿಡಗಳು ಚೆನ್ನಾಗಿಯೇ ಇದ್ದವು. ಹುಳದ ಎಣ್ಣೆ ಹೆಚ್ಚಾಗಿದ್ದರೆ ಹೊಲ ಎಲ್ಲ ಕಡೆ ಒಂದೇ ತೆರನಾಗಿ ಸುಡಬೇಕಿತ್ತು. ಅವರು ಗುಡಿಸಲಿನಲ್ಲಿಟ್ಟಿದ್ದ ಪಂಪಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಮತ್ತೆ ಮುಚ್ಚಿ, ಜೀಪಿನಲ್ಲಿ ಹಾಕಿಕೊಂಡು, ನಾಳೆ ಬರುತ್ತೇನೆ ಎಂದಷ್ಟೇ ಹೇಳಿದರು.

ಜೀಪಿನಲ್ಲಿ ಅವತ್ತು ನಿದ್ದೆ ಮಾಡಲಿಲ್ಲ. ಕಡಗಂಚಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಗ್ಲಾಸು ಕೈಯಲ್ಲಿ ಹಿಡಿದು, "ನನ್ನ ಕೈಲೆ ಆಗ್ಯಾದ ಮೇಡಂ" ಎಂದರು. ಅಫಜಲಪುರದಲ್ಲಿ ಕಬ್ಬಿಗೆ ಹೊಡೆದು ತೋರಿಸಿದ ದಿನ ಹೊತ್ತಾಗಿತ್ತು. ಸಂಜೆಯ ಸಭೆಗೆ ಮುಖ್ಯಸ್ಥರು ಮೇಲಿಂದ ಮೇಲೆ ಫೋನು ಮಾಡುತ್ತಿದ್ದರು. ಇವರು ಜೇಬಿನ ಸೋಡಾ ಪೊಟ್ಟಣಗಳನ್ನೆಲ್ಲ ರೈತರಿಗೆ ಹಂಚಿ ಮುಗಿಸಿದ್ದರು. ಕಬ್ಬಿನ ಕಾಲುವೆಯ ನೀರನ್ನೇ ಪಂಪಿಗೆ ಹಾಕಿ, ಕುಲುಕಿ, ಚೆಲ್ಲಿ ಜೀಪು ಹತ್ತಿದ್ದರು. ಊರೂರಿಗೆ ಮಾಡಬೇಡಿ ಎಂದು ಹೇಳಿದ್ದನ್ನು ತಾವೇ ಮಾಡಿದ್ದರು.

ಕಚೇರಿಯಲ್ಲಿ ಮುಖ್ಯಸ್ಥರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ, ಕುರ್ಚಿಯ ಮನುಷ್ಯರು. ಸ್ವಲ್ಪ ಹೊತ್ತು ಯೋಚಿಸಿ, "ಶಿಫಾರಸು ಮಾಡಿದ ಪ್ರಮಾಣಕ್ಕಿಂತ ಹೆಚ್ಚು ಬಳಸಿದ್ದರಿಂದ ಹಾನಿ ಅಂತ ವರದಿ ಕೊಡಿ. ಇದು ಹೊರಗೆ ಹೋದರೆ ನಾಳೆ ನಮ್ಮ ಪಂಪನ್ನು, ನಮ್ಮ ಮಾತನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮ ಬಡ್ತಿಯ ಕಡತವೂ ಮೇಲೆ ಹೋಗಿದೆ, ನೆನಪಿರಲಿ" ಎಂದರು.

ಕುರ್ಚಿಯ ತುದಿಯಲ್ಲಿ ಕೂತಿದ್ದ ಇವರು, "ಆಯ್ತು ಸರ್" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಒಂದು ವಾಕ್ಯ ಬರೆದರೆ ಮೌಲಾಲಿಯ ಹೊಲ ಹೋಯಿತೆಂದೇ ಅರ್ಥ. ಗೌಡರು ಹೇಳುತ್ತಿರುವುದೂ ಅದನ್ನೇ, ಇನ್ನು ಸರಕಾರಿ ಸಾಹೇಬರೂ ಅದನ್ನೇ ಹೇಳಿದರೆ ಆ ಬಡವನ ಮಾತನ್ನು ಕೇಳುವವರು ಯಾರು? ಹೊರಗೆ ಬಂದ ಮೇಲೆ ನಾನು ಬಾಯಿಗೆ ಬಂದಂತೆ ಮಾತಾಡಿದೆ. ನಿಮ್ಮ ತಾಯಿಯ ಹೆಸರು ಎತ್ತಬೇಡಿ ಇನ್ನು ಮೇಲೆ ಎಂದೂ ಅಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ನಾಳೆ ನೀವೂ ಬರ್ರಿ ಮೇಡಂ" ಎಂದು ಹೇಳಿ ಮನೆಗೆ ಹೋದರು.

ಮರುದಿನ ಗೌಡರ ವಾಡೆಯ ಅಂಗಳದಲ್ಲಿ ಊರ ಹಿರಿಯರು ಸೇರಿದ್ದರು. ಮೌಲಾಲಿ ಕಂಬದ ಹತ್ತಿರ ನಿಂತಿದ್ದ. ಹಣೆಗೆ ವಿಭೂತಿ ಹಚ್ಚಿ ಮಂಚದ ಮೇಲೆ ಕೂತಿದ್ದ ಗುರಪ್ಪ ಗೌಡರು ಸಾಹೇಬರಿಗೆ ಶರಣು ಹೇಳಿ ಕುರ್ಚಿ ಹಾಕಿಸಿದರು.

"ಹೇಳ್ರಿ ಸಾಹೇಬ್ರ. ಇವ ಏನು ಕಲಸಿ ನನ್ನ ಫಸಲ ಸುಟ್ಟಾನ?"

ಇವರು ಕೂರಲಿಲ್ಲ. ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು ನಿಂತರು.

"ಮೌಲಾಲಿ ಏನೂ ಮಾಡಿಲ್ರಿ. ಪಂಪಿನಾಗ ಕಬ್ಬಿನ ಕಸದ ಎಣ್ಣಿ ಉಳದಿತ್ತು. ತೊಳದವ ನಾನು, ಬರೇ ನೀರಾಗ ತೊಳದೀನಿ. ಅದನ್ನ ಇವನ ಕೈಗಿ ಕೊಟ್ಟವನೂ ನಾನ. ಗಲ್ತಿ ನಂದದ."

ಗೌಡರು ಅವರನ್ನೇ ನೋಡಿದರು.

"ಮಂದಿ ಗಲ್ತಿ ತಲಿ ಮ್ಯಾಲ ಹೊತ್ಕೊಂಡು ಪುಣ್ಯ ಮಾಡಾಕ ಬಂದೀರೇನ್ರಿ?"

"ಹೊಲಕ್ಕ ಬರ್ರಿ, ತೋರಸ್ತೇನಿ."

ಬೇವಿನ ಮರದಿಂದ ಹಳ್ಳದ ತನಕ ಗೌಡರನ್ನು ನಡೆಸಿಕೊಂಡು ಹೋಗಿ ತೋರಿಸಿದರು. ತಿರುಚಿದ ಕುಡಿಗಳನ್ನು ಚಿವುಟಿ ತೆಗೆದರೆ ಪಕ್ಕದಿಂದ ಹೊಸ ಟೊಂಗೆ ಒಡೆಯಬಹುದು, ಬೆಳೆ ಪೂರ್ತಿ ಬರಲಿಕ್ಕಿಲ್ಲ, ಆದರೆ ಬರುತ್ತದೆ ಎಂದೂ ಹೇಳಿದರು. ಗೌಡರು ಅನುಭವಸ್ಥ ಬೇಸಾಯಗಾರರು. ಸಾಲುಗಳನ್ನು ನೋಡಿದ ಮೇಲೆ ಅವರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಆದರೆ ಸೋತೆ ಎಂದು ಒಪ್ಪಿಕೊಳ್ಳುವ ಜಾಯಮಾನವೂ ಅವರದಲ್ಲ. ಬದುವಿನ ಮೇಲೆ ನಿಂತು ಎಲ್ಲರ ಎದುರು ಒಂದು ಕರಾರು ಹಾಕಿದರು.

"ಆಯ್ತು. ಹೊಲ ಇವನ ಹತ್ರಾನೇ ಇರ್ಲಿ. ಆದ್ರ ಇನ್ನ ಮ್ಯಾಲ ಈ ಹೊಲಕ್ಕ ಎಣ್ಣಿ ಬೀಳಬೇಕಂದ್ರ ಮೊದಲ ಈ ಸಾಹೇಬ್ರು ಬರಬೇಕು, ನೋಡಬೇಕು, ಹೂಂ ಅನ್ನಬೇಕು. ಇವರು ಬರೂದು ಯಾವ ವರ್ಷ ತಪ್ತದೋ ಆ ವರ್ಷ ಹೊಲ ನಾ ಹೊಳ್ಳಿ ತೊಗೋತೇನಿ. ಒಪ್ಪಿಗಿ ಅದ ಏನ್ರಿ?"

ಸರಕಾರಿ ನೌಕರ ಇಂಥದ್ದಕ್ಕೆ ಹೇಗೆ ಒಪ್ಪಿಕೊಳ್ಳಬೇಕು? ನಾಳೆ ಎಲ್ಲಿಗೆ ವರ್ಗವಾಗುತ್ತದೋ ಏನೋ. ನಾನು ಬೇಡವೆಂದು ಸನ್ನೆ ಮಾಡಿದೆ. ಅವರು ಮೌಲಾಲಿಯ ಮುಖ ನೋಡಿ, "ಬರ್ತೇನ್ರಿ" ಎಂದರು.

ಕುಡಿ ಚಿವುಟುವ ಕೆಲಸಕ್ಕೆ ಅವರು ರಜೆ ಹಾಕಿ ಬಂದರು. ನಾನೂ ಹೋದೆ. ಹುಸೇನಬಿ, ಮೌಲಾಲಿ, ನಾವು, ನಡು ನೋಯುವ ತನಕ ಚಿವುಟಿದೆವು. ಅವರು ಹೇಳಿದಂತೆ ಪಕ್ಕದ ಟೊಂಗೆಗಳು ಒಡೆದವು. ಹೂವು ತಡವಾಗಿ ಬಂತು, ರಾಶಿ ಸಣ್ಣದಾಯಿತು. ಆದರೂ ಗೌಡರ ಪಾಲು ಅಳೆದುಕೊಟ್ಟು ಮೌಲಾಲಿಯ ಮನೆಗೆ ಒಂದಿಷ್ಟು ಉಳಿಯಿತು. ಕಚೇರಿಯಲ್ಲಿ ಅವರಿಗೆ ನೋಟೀಸು ಬಂತು. ಬಡ್ತಿಯ ಕಡತ ಎಲ್ಲಿ ಹೋಯಿತೋ ಮತ್ತೆ ಕಾಣಲಿಲ್ಲ. ಅವರಿಗಿಂತ ಕಿರಿಯರು ಅವರ ಮೇಲಧಿಕಾರಿಗಳಾಗಿ ಬಂದರು. ಅವರೆದುರೂ ಇವರು ಕುರ್ಚಿಯ ತುದಿಯಲ್ಲೇ ಕೂತು "ಆಯ್ತು ಸರ್" ಎಂದರು. ಒಮ್ಮೆ ಧೈರ್ಯ ಮಾಡಿದ ಮಾತ್ರಕ್ಕೆ ಮನುಷ್ಯ ಬದಲಾಗಿಬಿಡುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ಆ ಕರಾರನ್ನು ಮಾತ್ರ ಅವರು ಒಂದು ವರ್ಷವೂ ತಪ್ಪಿಸಲಿಲ್ಲ. ಮುಖ್ಯಸ್ಥರು ಅದಕ್ಕೆ ಜೀಪು ಕೊಡುವುದಿಲ್ಲ ಎಂದಾಗ ಬಸ್ಸಿನಲ್ಲಿ ಆಳಂದಕ್ಕೆ ಬಂದು, ಅಲ್ಲಿಂದ ಟಂಟಂ ಆಟೊ ಹಿಡಿದು ಹೋದರು. ದೂರದ ಕೇಂದ್ರಕ್ಕೆ ವರ್ಗವಾದ ಮೇಲೂ ಬಂದರು. ಹಾಗೆ ಬಂದಾಗ ನನಗೊಂದು ಫೋನು ಮಾಡುತ್ತಿದ್ದರು, ಬಿಡುವಿದ್ದರೆ ನಾನೂ ಜೊತೆಗೂಡುತ್ತಿದ್ದೆ. ಹುಳ ಅವರ ವಿಷಯವಲ್ಲ, ಅವರು ಕಸದವರು. ಅದಕ್ಕೆ ನಮ್ಮ ಕೀಟಶಾಸ್ತ್ರದ ಹುಡುಗನ ಎದುರು ವಿದ್ಯಾರ್ಥಿಯಂತೆ ಕೂತು ತೊಗರಿಯ ಹುಳಗಳನ್ನೆಲ್ಲ ಹೊಸದಾಗಿ ಕಲಿತರು. ಹೊಲದಲ್ಲಿ ಗಿಡದ ಬುಡಕ್ಕೆ ಟಾರ್ಪಾಲಿನ ತಾಡಪತ್ರಿ ಹಾಸಿ, ಗಿಡವನ್ನು ಹಿಡಿದು ಅಲ್ಲಾಡಿಸಿ, ಎಷ್ಟು ಹುಳ ಉದುರುತ್ತವೆ ಎಂದು ಬಗ್ಗಿ ನೋಡುತ್ತಿದ್ದರು. ಎಣ್ಣೆ ಬೇಕೋ ಬೇಡವೋ ಎಂಬುದು ಅದರಿಂದ ತಿಳಿಯುತ್ತದೆ. ನೋಡಿಯಾದ ಮೇಲೆ ಅವರು ತಾವು ಹೇಳುವ ಮೊದಲು, "ನೀ ಏನಂತಿ ಮೌಲಾಲಿ?" ಎಂದು ಕೇಳುವರು. ಮೌಲಾಲಿ ವಾಡೆಯ ದಿಕ್ಕಿಗೊಮ್ಮೆ ಕಣ್ಣು ಹಾಯಿಸಿ, "ನಂದೇನದ್ರಿ, ನೀವ ಹೇಳ್ರಿ ಸಾಹೇಬ್ರ" ಎನ್ನುವನು. ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ನನಗೆ ಕೇಳಿ ಕೇಳಿ ಬೇಸರ ಬರುತ್ತಿತ್ತು. "ಅವನಿಗೆ ಹೇಳಲಿಕ್ಕೆ ಬರುವುದಿಲ್ಲ, ನೀವು ಕೇಳುವುದು ಬಿಡುವುದಿಲ್ಲ" ಎಂದು ರೇಗಿದ್ದೆ. "ಬರ್ತದ ಮೇಡಂ. ಅಂಜಿಕಿ ಅದ, ಅಷ್ಟ" ಎಂದಿದ್ದರು. ಅಂಜಿಕೆಯ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿವೃತ್ತಿಯ ದಿನ ಶಾಲು ಹೊದಿಸಿ ಹಾರ ಹಾಕಿ ಎಲ್ಲರೂ ಸರಳ, ಸಜ್ಜನ ಎಂದರು. ಮೌಲಾಲಿಯ ಹೊಲದ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎತ್ತಬೇಕೆಂದು ಎದ್ದು ನಿಂತಾಗ ಅವರು ದೂರದಿಂದಲೇ ಬೇಡವೆಂದು ತಲೆಯಾಡಿಸಿದರು. ನಿವೃತ್ತರಾದ ಮೇಲೂ ಬರುವುದು ನಿಲ್ಲಲಿಲ್ಲ. ಮೊಣಕಾಲು ನೋವಿತ್ತು, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಕಳೆದ ವರ್ಷ ತಾಡಪತ್ರಿಯ ಮೇಲಿನ ಹುಳ ಅವರಿಗೆ ಸರಿಯಾಗಿ ಕಾಣಲಿಲ್ಲ. ಮೌಲಾಲಿಯೇ ನೋಡಿ ಹೇಳಿದ, ಇವರು ಹೂಂ ಅಂದರು.

ಈ ಸಲದ ಶ್ರಾವಣದಲ್ಲಿ ಅವರು ತೀರಿಕೊಂಡರು. ಸುದ್ದಿ ನಮ್ಮ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈ ಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿ ಮುಗಿಸಿದರು. ನಾನು ಅತ್ತೆ. ಬಹಳ ಅತ್ತೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ದಸರೆಗೆ ಮೊದಲು ಮೌಲಾಲಿಯ ಫೋನು ಬಂತು.

"ಬಾಯಾರ, ತೊಗರಿ ಮೊಗ್ಗಿಗಿ ಬಂದದ. ಹುಳ ಕಾಣಾಕತ್ಯಾದ. ಹೂಂ ಅನ್ನೋರು ಯಾರ್ರಿ ಈಗ? ಗೌಡ್ರ ಮಗ ಬಂದು ಕರಾರು ಮುಗೀತು ಅಂತ ಹೇಳಿ ಹೋಗ್ಯಾನ. ಟ್ರ್ಯಾಕ್ಟರ್ ಇದ್ದವ್ರಿಗಿ ಕೊಡ್ತಾನಂತ."

ಕೇಂದ್ರಕ್ಕೆ ಹೊಸದಾಗಿ ಬಂದ ವಿಜ್ಞಾನಿಯನ್ನು ಕೇಳಿದೆ. ಫೋಟೊ ಕಳಿಸಲು ಹೇಳಿ ಮೇಡಂ, ನೋಡಿ ಹೇಳುತ್ತೇನೆ ಎಂದ. ತಪ್ಪು ಅವನದಲ್ಲ, ಅವನಿಗೆ ಈ ಕಥೆ ಗೊತ್ತಿಲ್ಲ. ನಾನೊಬ್ಬಳೇ ಟಂಟಂ ಹತ್ತಿ ಹೋದೆ. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಉಪ್ಪಿನಕಾಯಿ ಕಲಿಸಿದವಳು ನಾನು.

ಹೊಲದ ಬದುವಿನ ಮೇಲೆ ಗುರಪ್ಪ ಗೌಡರು ಕೋಲೂರಿ ನಿಂತಿದ್ದರು. ವಯಸ್ಸಾಗಿ ಬಾಗಿಹೋಗಿದ್ದಾರೆ. ಪಕ್ಕದಲ್ಲಿ ಮಗ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಅದಕ್ಕೇ ಒರಗಿದ್ದ. ಮೌಲಾಲಿ ಮತ್ತು ಹುಸೇನಬಿ ಸಾಲಿನ ತುದಿಯಲ್ಲಿದ್ದರು.

"ಸಾಹೇಬ್ರು ಹೋದ್ರಂತಲ್ರಿ" ಎಂದರು ಗೌಡರು.

"ಹೌದ್ರಿ. ಶ್ರಾವಣದಾಗ."

"ಖರೇ ಮನಶ್ಯಾ ಇದ್ದ." ನನ್ನ ಕಡೆ ತಿರುಗಿ ಕೇಳಿದರು, "ಅವರ ಬದಲಿ ನೀವು ಹೂಂ ಅಂತೀರೇನು?"

ಹೂಂ ಎಂದುಬಿಡಬೇಕು ಎನಿಸಿತು. ಎಣ್ಣೆ ಹೊಡೆಯಲಿ, ಹೇಗೋ ಈ ವರ್ಷ ಹೊಲ ಉಳಿಯಲಿ ಎನಿಸಿತು. ಆದರೆ ಆ ಮನುಷ್ಯ ಇಷ್ಟು ವರ್ಷ ಬರಿಗಾಲಲ್ಲಿ ನಡೆದ ನೆಲದ ಮೇಲೆ ನಿಂತು ತಿಳಿಯದ್ದನ್ನು ತಿಳಿದಂತೆ ಹೇಳಲು ನನಗೆ ಬಾಯಿ ಬರಲಿಲ್ಲ.

"ನನಗ ಗೊತ್ತಾಗಂಗಿಲ್ರಿ ಗೌಡ್ರ."

"ಅಷ್ಟ ಅಪ್ಪಾ. ನಡಿ, ಮನಿಗಿ ಹೋಗಮು" ಎಂದು ಮಗ ಗಾಡಿಯ ಕೀಲಿಗೆ ಕೈ ಹಾಕಿದ.

ಗೌಡರು ಕದಲಲಿಲ್ಲ. ಕೋಲನ್ನು ಮೌಲಾಲಿಯ ಕಡೆ ಎತ್ತಿದರು.

"ಲೇ ಮೌಲಾಲಿ, ನೀ ಏನಂತಿ?"

ಮೌಲಾಲಿ ನನ್ನನ್ನು ನೋಡಿದ. ಹುಸೇನಬಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅವನು ತಾಡಪತ್ರಿ ಎಳೆದುಕೊಂಡು ಸಾಲಿನೊಳಗೆ ಹೋದ. ಒಂದು ಕಡೆ ಹಾಸಿ ಅಲ್ಲಾಡಿಸಿ ನೋಡಿದ, ಇನ್ನೊಂದು ಕಡೆ ಹೋದ, ಹಳ್ಳದ ಬದಿಗೂ ಹೋದ. ಬಹಳ ಹೊತ್ತು ಮಾಡಿದ. ಗೌಡರ ಮಗ ಎರಡು ಸಲ ಗಡಿಯಾರ ನೋಡಿಕೊಂಡ. ಮೌಲಾಲಿ ಹೊರಗೆ ಬಂದಾಗ ಮೈಯೆಲ್ಲ ಬೆವೆತಿತ್ತು.

"ಈ ವಾರ ಎಣ್ಣಿ ಬ್ಯಾಡ್ರಿ ಧಣ್ಯಾರ" ಎಂದ. ದನಿ ಸಣ್ಣದಾಗಿತ್ತು, ಆದರೆ ನಿಲ್ಲಲಿಲ್ಲ. "ಹುಳ ಅದ, ಇಲ್ಲ ಅನ್ನಂಗಿಲ್ಲ. ಭಾಳ ಕಡಿಮಿ ಅದ. ಹಕ್ಕಿ ಇಳಿದು ತಿನ್ನಾಕತ್ಯಾವ. ಈಗ ಹೊಡದ್ರ ಸುಮ್ನ ದಂಡ ಆಗ್ತದ. ಮುಂದಿನ ವಾರ ಮತ್ತ ನೋಡ್ತೇನಿ. ಹೆಚ್ಚಾಗಿದ್ರ ನಾನ ಹೇಳ್ತೇನಿ."

ಅಷ್ಟು ಉದ್ದನೆಯ ಮಾತನ್ನು ಅವನು ಗೌಡರೆದುರು ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಸಾಹೇಬರು ಇದನ್ನು ಕೇಳದೇ ಹೋದರಲ್ಲ ಎನಿಸಿತು.

ಗುರಪ್ಪ ಗೌಡರು ತೊಗರಿಯನ್ನು ನೋಡಿದರು, ಅವನನ್ನು ನೋಡಿದರು.

"ಹೂಂ" ಎಂದರು.

ಆಮೇಲೆ ಮಗನ ಹೆಗಲು ಹಿಡಿದು ಗಾಡಿಯ ಹಿಂದೆ ಹತ್ತಿ ಕೂತರು. ಮಗ ಏನೋ ಹೇಳಲು ಹೋದ. "ಕೇಳಿಸಿಲ್ಲೇನು? ಮುಂದಿನ ವಾರ ಅವನೇ ನೋಡ್ತಾನಂತ. ನಡಿ" ಎಂದರು. ಗಾಡಿ ಊರ ಕಡೆ ಹೋಯಿತು. ಹುಸೇನಬಿ ಬಾಯಿಗೆ ಹಿಡಿದ ಸೆರಗು ಬಿಟ್ಟು ಬದುವಿನ ಮೇಲೆ ಕೂತಳು. ಮೌಲಾಲಿ ತಾಡಪತ್ರಿಯನ್ನು ಕೊಡವಿ, ಮಡಚಿ, ಹೆಗಲ ಮೇಲೆ ಹಾಕಿಕೊಂಡ.